ಕೆರೆ ಮುಚ್ಚಿದ ಜಾಗದಲ್ಲಿ ಮನೆ ಕಟ್ಟುವ ಮುಂಚೆ: ಭೂಕಂಪಕ್ಕೆ ನೆಲ ಸಡಿಲವಾಗದಂತೆ ಗಟ್ಟಿ ಮಾಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಹೆಚ್ಚಿನ ಮನೆಗಳಿಗೆ ಈ ಚಿಂತೆ ಬೇಡ. ನಮ್ಮ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆ ಹತ್ತಿದವರಿಗೆ ಅದು ಗೊತ್ತು. ಬಂಡೆಯ ಮೇಲೆ ಮೊರಂ, ಅದರ ಮೇಲೆ ಕೆಂಪು ಮಣ್ಣು. ಭೂಕಂಪ ತಾಳುವಂತೆ ಕಟ್ಟಲು ಇರುವ ಭಾರತೀಯ ಮಾನಕ ಐಎಸ್ 1893. ಆ ಸಂಹಿತೆಯ 2016ರ ಆವೃತ್ತಿ ಬೆಂಗಳೂರನ್ನು ಎರಡನೇ ಭೂಕಂಪ ವಲಯದಲ್ಲಿ ಇಟ್ಟಿದೆ. ಆ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ ಅದೇ.

ಆದರೆ ಈ ಊರಿನಲ್ಲಿ ಇನ್ನೊಂದು ನಮೂನೆಯ ನೆಲವೂ ಇದೆ. ಕೆರೆ ಮುಚ್ಚಿ ಮಾಡಿದ ನೆಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ. ಇವು ಎಲ್ಲರ ಬಾಯಲ್ಲಿರುವ ಹೆಸರು. ಹೆಸರೂ ಉಳಿಯದ ಕುಂಟೆ, ಕಟ್ಟೆ, ಹಳ್ಳಗಳ ಮೇಲೆ ಎಷ್ಟೋ 30×40 ಸೈಟುಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಮ್, ಪಿ. ಅನ್ಬಳಗನ್ ಮತ್ತಿತರರು ನಗರದ ನೂರಾರು ಬೋರ್‌ಹೋಲ್‌ಗಳ (ಮಣ್ಣು ಪರೀಕ್ಷೆಗೆ ಕೊರೆದ ತೂತುಗಳ) ಮಾಹಿತಿ ಇಟ್ಟುಕೊಂಡು, ಭೂಕಂಪಕ್ಕೆ ನೆಲ ಸಡಿಲವಾಗುವ ಅಪಾಯವನ್ನು ಲೆಕ್ಕ ಹಾಕಿದ್ದಾರೆ. ನಗರದ ಹೆಚ್ಚಿನ ಭಾಗ ಸುರಕ್ಷಿತ ಅಂತಲೇ ಬಂತು. ಮರಳು ಬೆರೆತ ಹೂಳು ಇದ್ದು, ನೀರು ಮೇಲೇ ಸಿಗುವ ಕೆಲವು ಜಾಗಗಳು ಮಾತ್ರ ಪಾಸಾಗಲಿಲ್ಲ.

ಆ ಕೆಲವು ಜಾಗಗಳಲ್ಲಿ ನಿಮ್ಮ ಸೈಟೂ ಒಂದಾಗಿರಬಹುದು. ಹಾಗಿದ್ದರೆ ಮುಂದೆ ಓದಿ.

ಮಣ್ಣು ನೀರಿನಂತಾಗುವುದು ಅಂದರೇನು?

ರಾಗಿ ಅಳೆಯುವಾಗ ಸೇರನ್ನು ನೆಲಕ್ಕೆ ಒಂದೆರಡು ಸಲ ಕುಟ್ಟುತ್ತಾರಲ್ಲ? ಕುಟ್ಟಿದ ಕೂಡಲೇ ರಾಗಿ ಒಂದು ಬೆರಳು ಕೆಳಗಿಳಿಯುತ್ತದೆ. ಕಾಳುಗಳ ನಡುವೆ ಇದ್ದ ಗಾಳಿ ಹೊರಗೆ ಹೋಯಿತು, ಕಾಳು ಒತ್ತೊತ್ತಾಗಿ ಕೂತವು. ಸಡಿಲ ಮರಳನ್ನು ಭೂಕಂಪ ಅಲ್ಲಾಡಿಸಿದಾಗ ಆಗುವುದೂ ಇದೇ. ಆದರೆ ಕಾಳುಗಳ ಸಂದಿನಲ್ಲಿ ಗಾಳಿಯ ಬದಲು ನೀರು ತುಂಬಿದ್ದರೆ? ಆ ನೀರು ಕೆಲವೇ ಸೆಕೆಂಡಿನಲ್ಲಿ ಹೊರಗೆ ಹೋಗಲಾರದು. ಕಾಳುಗಳು ಕೂರಲು ಹೊರಟರೆ ನೀರು ಜಾಗ ಬಿಡುವುದಿಲ್ಲ. ಮೇಲಿನ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಮರಳಿನ ಕಣಗಳು ಒಂದರ ಕೈ ಒಂದು ಬಿಡುತ್ತವೆ. ಅಷ್ಟು ಹೊತ್ತು ಆ ಮಣ್ಣು ಅಂಬಲಿಯಂತೆ. ಎಂಜಿನಿಯರುಗಳು ಇದನ್ನು ಲಿಕ್ವಿಫ್ಯಾಕ್ಷನ್ ಅನ್ನುತ್ತಾರೆ.

1964ರ ಜೂನ್ 16ರಂದು ಜಪಾನಿನ ನಿಗಾಟಾದಲ್ಲಿ ಹೀಗೇ ಆಯಿತು. ಕವಾಗಿಶಿ-ಚೋ ಎಂಬಲ್ಲಿ ಅಪಾರ್ಟ್‌ಮೆಂಟುಗಳು ಇಡಿಯಾಗಿ ವಾಲಿದವು. ಒಂದಂತೂ ಮಲಗಿಯೇ ಬಿಟ್ಟಿತು. ಕಟ್ಟಡ ಮುರಿದಿರಲಿಲ್ಲ, ನೆಲ ಕೈಕೊಟ್ಟಿತ್ತು. ನಮ್ಮಲ್ಲಿ 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛದ ರಣದ ತುಂಬ ನೆಲದಿಂದ ಮರಳು, ನೀರು ಉಕ್ಕಿ ಬಂತು. ಅದಕ್ಕೇ ಹೇಳುವುದು, ಕಾಲಂಗೆ ಇನ್ನೆರಡು ಕಂಬಿ ಜಾಸ್ತಿ ಹಾಕಿದರೆ ಈ ಕಷ್ಟ ತೀರುವುದಿಲ್ಲ. ಕೆಲಸ ನೆಲದಲ್ಲೇ ಆಗಬೇಕು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಮಕ್ಕಳನ್ನೂ ಕರೆಯಿರಿ. ಬಕೆಟ್ಟಿಗೆ ಅರ್ಧ ನೀರು ಹಾಕಿ, ಅದರೊಳಗೆ ಮರಳನ್ನು ನಿಧಾನವಾಗಿ ಸುರಿಯಿರಿ. ಮೇಲೆ ಒಂದು ಇಟ್ಟಿಗೆ ನೆಟ್ಟಗೆ ನಿಲ್ಲಿಸಿ. ಬಕೆಟ್ಟಿನ ಬದಿಗೆ ಮರದ ಸುತ್ತಿಗೆಯಿಂದ ಹೊಡೆಯಿರಿ. ಇಟ್ಟಿಗೆ ವಾಲಿ ಹೂತುಕೊಳ್ಳುತ್ತದೆ, ನೀರು ಮೇಲೆ ಬರುತ್ತದೆ. ಈಗ ಇಟ್ಟಿಗೆ ತೆಗೆದು, ಮರಳನ್ನು ಚೆನ್ನಾಗಿ ದಮ್ಮಸ್ಸು ಮಾಡಿ ಮತ್ತೆ ಹೊಡೆಯಿರಿ. ಈ ಸಲ ಇಟ್ಟಿಗೆ ಅಷ್ಟು ಸುಲಭವಾಗಿ ಹೂಳುವುದಿಲ್ಲ. ಮುಂದೆ ಹೇಳುವ ಉಪಾಯಗಳ ಗುಟ್ಟು ಇಲ್ಲೇ ಇದೆ. ಮಣ್ಣನ್ನು ಒತ್ತೊತ್ತು ಮಾಡುವುದು, ನೀರಿಗೆ ದಾರಿ ಕೊಡುವುದು, ಕಣಗಳನ್ನು ಅಂಟಿಸಿಬಿಡುವುದು, ಇಲ್ಲವೇ ಆ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ಪದರಕ್ಕೆ ಭಾರ ಇಳಿಸುವುದು.

ಹೆಜ್ಜೆ 1: ಸೈಟಿನ ಹಳೆಯ ಕಥೆ ಹುಡುಕಿ

ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮಾಡುವವರು ಕಡಿಮೆ.

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಕೆರೆ, ಹಳ್ಳ, ರಾಜಕಾಲುವೆ ಎಷ್ಟು ಹತ್ತಿರ ಹಾದುಹೋಗುತ್ತವೆ ಅಂತ ಗುರುತು ಮಾಡಿಕೊಳ್ಳಿ. ಹಳೆಯ ಪಹಣಿ ಸಿಕ್ಕರೆ ಅದರಲ್ಲಿ ಜಮೀನಿನ ವರ್ಗ ನೋಡಿ. ಖುಷ್ಕಿ ಅಂತಿದ್ದರೆ ಅದು ಮಳೆಯಾಶ್ರಿತ ಭೂಮಿ, ಸಾಮಾನ್ಯವಾಗಿ ದಿಣ್ಣೆಯ ಕಡೆಯದು. ತರಿ ಅಂತಿದ್ದರೆ ಅದು ಗದ್ದೆ. ಅಂದರೆ ಕೆರೆಯ ಕೆಳಗಿನ ಅಚ್ಚುಕಟ್ಟು, ತಗ್ಗು ಜಾಗ, ನೀರು ಹತ್ತಿರ. ಈ ಒಂದು ಪದ ಎಷ್ಟೋ ಸಲ ದೊಡ್ಡ ವರದಿಗಿಂತ ಮುಂಚೆ ಸತ್ಯ ಹೇಳುತ್ತದೆ.

ಊರ ಹೆಸರೂ ಸುಳಿವು ಕೊಡುತ್ತದೆ. ಕೋಡಿ, ಕುಂಟೆ, ಕಟ್ಟೆ, ಸಂದ್ರ ಇರುವ ಹೆಸರು ಕಂಡರೆ ನಿಂತು ವಿಚಾರಿಸಿ. ಸಂದ್ರ ಅಂದರೆ ಸಮುದ್ರ, ದೊಡ್ಡ ಕೆರೆಗೆ ಹಿಂದಿನವರು ಹಾಗೆ ಕರೆಯುತ್ತಿದ್ದರು. ಆಮೇಲೆ ಪಕ್ಕದ ಹಳೇ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. "ಇಲ್ಲಿ ಮೊದಲು ಏನಿತ್ತು, ಬಾವಿಯಲ್ಲಿ ನೀರು ಎಷ್ಟು ಅಡಿಗೆ ಸಿಗ್ತಿತ್ತು?" ಅಂತ ಕೇಳಿದರೆ ಸಾಕು, ಅವರು ಗದ್ದೆ, ಜೊಂಡು, ಕೋಡಿ ಬಿದ್ದ ವರ್ಷ ಎಲ್ಲ ಹೇಳುತ್ತಾರೆ.

ಒಂದು ಮಾತು ಇಲ್ಲೇ ಹೇಳಬೇಕು. ಜಾಗ ಕೆರೆ ಅಥವಾ ರಾಜಕಾಲುವೆಯ ಮೀಸಲು ಅಂಚಿನೊಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಯಾವ ನೆಲ ಬಲಪಡಿಸುವ ಕೆಲಸವೂ ಆ ದಾಖಲೆಯನ್ನು ಸರಿ ಮಾಡುವುದಿಲ್ಲ.

ಹೆಜ್ಜೆ 2: ಸಾಯಿಲ್ ಟೆಸ್ಟ್ ಮಾಡಿಸಿ, ಸರಿಯಾಗಿ ಮಾಡಿಸಿ

"ಸಾರ್, ಪಕ್ಕದ ಮನೇಲಿ ಐದು ಅಡಿಗೆ ಗಟ್ಟಿ ಸಿಕ್ತು, ಇಲ್ಲೂ ಅಷ್ಟೇ" ಅಂತ ಮೇಸ್ತ್ರಿ ಹೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೆರೆಯ ಅಂಚು ಸೈಟಿನ ನಡುವೆಯೇ ಹಾದುಹೋಗಿರಬಹುದು. ನಾನು ನೋಡಿದ ಒಂದು ಸೈಟಿನಲ್ಲಿ ಮುಂದಿನ ಬೋರ್‌ಹೋಲ್‌ನಲ್ಲಿ ನಾಲ್ಕು ಮೀಟರಿಗೆ ಗಟ್ಟಿ ಕಲ್ಲು ಸಿಕ್ಕಿತು. ಮಾಲೀಕರು ಒಂದೇ ಸಾಕು ಅಂದರು. ಒತ್ತಾಯ ಮಾಡಿ ಹಿಂದಿನ ಮೂಲೆಯಲ್ಲಿ ಇನ್ನೊಂದು ಹಾಕಿಸಿದೆವು. ಅಲ್ಲಿ ಆರು ಮೀಟರಿನವರೆಗೂ ಕಪ್ಪು ಹೂಳು, ಅದರಲ್ಲಿ ಪ್ಲಾಸ್ಟಿಕ್ ಚೀಲ, ಒಡೆದ ಹೆಂಚು. ಆ ಎರಡನೇ ತೂತು ಇಲ್ಲದಿದ್ದರೆ ಅರ್ಧ ಮನೆ ಬಂಡೆಯ ಮೇಲೆ, ಅರ್ಧ ಮನೆ ಕೆಸರಿನ ಮೇಲೆ ನಿಲ್ಲುತ್ತಿತ್ತು. ಚಿಕ್ಕ ಸೈಟಿಗೂ ಎದುರುಬದುರು ಮೂಲೆಗಳಲ್ಲಿ ಎರಡು ಬೋರ್‌ಹೋಲ್ ಇರಲಿ.

ಪ್ರತಿ ತೂತಿನಲ್ಲೂ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ಪರೀಕ್ಷೆ ಆಗಬೇಕು. ಮಣ್ಣು ಎಷ್ಟು ಗಟ್ಟಿ ಅಂತ ಅದು ಹೇಳುತ್ತದೆ. 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಕೊಳವೆ 45 ಸೆಂ.ಮೀ. ಇಳಿಯುವವರೆಗೆ ಹೊಡೆದು, ಕೊನೆಯ 30 ಸೆಂ.ಮೀ.ಗೆ ಬಿದ್ದ ಏಟುಗಳನ್ನು ಲೆಕ್ಕ ಹಿಡಿಯುತ್ತಾರೆ. ಅದೇ ಎನ್ ಸಂಖ್ಯೆ. ಸಾಧ್ಯವಾದರೆ ಆ ದಿನ ಸೈಟಿನಲ್ಲಿ ನೀವೇ ನಿಂತು ಎಣಿಸಿ. ಏಟು ಎಣಿಸಲು ಎಂಜಿನಿಯರಿಂಗ್ ಓದಿರಬೇಕಿಲ್ಲ.

ನೀರಿನ ವಿಷಯ ಜಾಗರೂಕತೆಯಿಂದ ನೋಡಿ. "ನಮ್ಮ ಏರಿಯಾದಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ, ಮಣ್ಣಿನಲ್ಲಿ ನೀರೆಲ್ಲಿಂದ ಬರಬೇಕು?" ಅಂತ ತುಂಬ ಜನ ಕೇಳುತ್ತಾರೆ. ಬೋರ್‌ವೆಲ್ ನೀರು ಬಂಡೆಯ ಬಿರುಕಿನದು. ಲಿಕ್ವಿಫ್ಯಾಕ್ಷನ್‌ಗೆ ಬೇಕಾದದ್ದು ಮೇಲಿನ ಮಣ್ಣಿನ ನೀರು, ಹಿಂದಿನವರು ತೆರೆದ ಬಾವಿಯಲ್ಲಿ ಸೇದುತ್ತಿದ್ದ ನೀರು. ಕೆಳಗೆ ಬತ್ತಿದ್ದರೂ ಮೇಲೆ ಅದು ಇರಬಹುದು. ಹಳೇ ಕೆರೆ ಪಾತ್ರದಲ್ಲಿ ಒಳಚರಂಡಿಯ ಸೋರಿಕೆಯೂ ಅದಕ್ಕೆ ಸೇರುತ್ತದೆ. ಬೋರ್‌ಹೋಲ್ ಕೊರೆದ 24 ಗಂಟೆಯ ನಂತರ ಮತ್ತೆ ನೀರಿನ ಮಟ್ಟ ಅಳೆಯಲು ಹೇಳಿ. ಬೇಸಿಗೆಯಲ್ಲಿ ಪರೀಕ್ಷೆ ಆಗಿದ್ದರೆ, ಅಕ್ಟೋಬರ್–ನವೆಂಬರ್‌ನಲ್ಲಿ ಮಟ್ಟ ಎಷ್ಟು ಮೇಲೆ ಬರುತ್ತದೋ ಅದನ್ನು ಹಿಡಿದು ಲೆಕ್ಕ ಹಾಕಿಸಿ.

ಹೆಜ್ಜೆ 3: ವರದಿ ಓದಿ

ವರದಿಯ ಕೊನೆಯ ಪುಟದ "ಸೇಫ್ ಬೇರಿಂಗ್ ಕೆಪಾಸಿಟಿ", ಅಂದರೆ ನೆಲ ಸುರಕ್ಷಿತವಾಗಿ ಹೊರಬಲ್ಲ ಭಾರ, ಒಂದನ್ನೇ ನೋಡಿ ಮುಚ್ಚಬೇಡಿ. ಅದು ನೆಲ ಅಲ್ಲಾಡದೆ ಇದ್ದಾಗಿನ ಲೆಕ್ಕ.

ಮರಳು ಮಣ್ಣಿನಲ್ಲಿ ಎನ್ 4ಕ್ಕಿಂತ ಕಡಿಮೆ ಇದ್ದರೆ ತೀರಾ ಸಡಿಲ. 4ರಿಂದ 10 ಸಡಿಲ. 10ರಿಂದ 30 ಮಧ್ಯಮ. 30 ದಾಟಿದರೆ ಗಟ್ಟಿ. ಮೂರು, ನಾಲ್ಕು, ಐದನೇ ವಲಯಗಳಿಗೆ ಐಎಸ್ 1893ರ 2016ರ ಆವೃತ್ತಿ 5 ಮೀಟರ್ ಆಳದವರೆಗೆ ಕನಿಷ್ಠ 15, 10 ಮೀಟರಿನಿಂದ ಕೆಳಗೆ 25 ಇರಲಿ ಅನ್ನುತ್ತದೆ. ಎರಡನೇ ವಲಯಕ್ಕೆ ಅಷ್ಟು ಬಿಗಿ ಇಲ್ಲ. ಆದರೂ ಕೆರೆ ಪಾತ್ರದ ಸೈಟಿಗೆ ಈ ಅಂಕಿಗಳನ್ನೇ ಗುರಿ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ.

ಜರಡಿ ಪರೀಕ್ಷೆಯ ಪುಟವೂ ಮುಖ್ಯ. ನುಣ್ಣನೆಯ ಕಣ ಎಷ್ಟು ಶೇಕಡಾ, ಜೇಡಿ ಎಷ್ಟು ಅಂತ ಅದು ಹೇಳುತ್ತದೆ. ಅಂಟು ಜೇಡಿಮಣ್ಣು ಹೀಗೆ ನೀರಾಗುವುದಿಲ್ಲ. ಹಾಗಂತ ಅದು ಒಳ್ಳೆಯ ನೆಲವೂ ಅಲ್ಲ. ಮೆತ್ತನೆಯ ಕೆರೆಮಣ್ಣು ಭೂಕಂಪದ ಅಲೆಯನ್ನು ಹಿಗ್ಗಿಸುತ್ತದೆ. 1985ರಲ್ಲಿ ಮೆಕ್ಸಿಕೋ ನಗರದ ಹಳೇ ಸರೋವರದ ನೆಲದ ಮೇಲೆ ಕಟ್ಟಡಗಳು ಉರುಳಿದ್ದು ಹೀಗೆ. ಭೂಕಂಪದ ಕೇಂದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರದಲ್ಲಿತ್ತು.

ಮಣ್ಣು ಮರಳು ಅಥವಾ ಹೂಳುಮರಳಾಗಿದ್ದು, ಎನ್ ಕಡಿಮೆಯಿದ್ದು, ನೀರೂ ಮೇಲಿದ್ದರೆ ಲಿಕ್ವಿಫ್ಯಾಕ್ಷನ್ ಲೆಕ್ಕ ಹಾಕಿಸಲೇಬೇಕು. ಐಎಸ್ 1893ರ ಮೊದಲ ಭಾಗದಲ್ಲಿ, 2016ರ ಆವೃತ್ತಿಯ ಎಫ್ ಅನುಬಂಧದಲ್ಲಿ, ಅದರ ವಿಧಾನವಿದೆ. ಮಣ್ಣಿನ ತಾಳಿಕೆಯನ್ನು ಕಂಪನದ ಒತ್ತಡದಿಂದ ಭಾಗಿಸುತ್ತಾರೆ. ಉತ್ತರ 1ಕ್ಕಿಂತ ಕಡಿಮೆ ಬಂದ ಪದರ ಅಪಾಯದ್ದು. ಯಾವ ಪ್ರಮಾಣದ ಭೂಕಂಪ, ಎಷ್ಟು ನೀರಿನ ಮಟ್ಟ ಹಿಡಿದು ಲೆಕ್ಕ ಹಾಕಿದಿರಿ ಅಂತ ಎಂಜಿನಿಯರನ್ನು ಕೇಳಿ.

ಹೆಜ್ಜೆ 4: ನಿಮ್ಮ ನೆಲಕ್ಕೆ ಹೊಂದುವ ಉಪಾಯ ಆರಿಸಿ

*ತೆಗೆದು ತುಂಬುವುದು.* ಕೆಟ್ಟ ಮಣ್ಣು ಎರಡು ಮೂರು ಮೀಟರಿನೊಳಗೆ ಮುಗಿದು, ಕೆಳಗೆ ಮೊರಂ ಸಿಕ್ಕರೆ ಬೇರೇನೂ ಯೋಚಿಸಬೇಡಿ. ಪೂರ್ತಿ ಅಗೆದು ತೆಗೆದು, ಒಳ್ಳೆಯ ಮೊರಂ ಅಥವಾ ಜಲ್ಲಿಪುಡಿ ಮಿಶ್ರಣವನ್ನು ಪದರಪದರವಾಗಿ ದಮ್ಮಸ್ಸು ಮಾಡಿ ತುಂಬುವುದು. ಮನೆ ಕಟ್ಟುವವರಿಗೆ ಇದಕ್ಕಿಂತ ನಂಬಿಕೆಯ ಉಪಾಯ ಇಲ್ಲ. ಏನು ಹಾಕಿದೆವು ಅನ್ನುವುದು ಕಣ್ಣಿಗೆ ಕಾಣುತ್ತದೆ.

*ಜಲ್ಲಿ ಕಂಬ.* ಸ್ಟೋನ್ ಕಾಲಂ ಅನ್ನುತ್ತಾರೆ. ನಡುಗುವ ಉದ್ದ ಯಂತ್ರವನ್ನೋ ಕೊಳವೆಯನ್ನೋ ನೆಲಕ್ಕೆ ಇಳಿಸಿ, ಆ ತೂತಿಗೆ ಜಲ್ಲಿ ತುಂಬಿ ಕುಟ್ಟುತ್ತಾ ಮೇಲೆ ಬರುತ್ತಾರೆ. ಸುತ್ತಲಿನ ಮಣ್ಣು ಒತ್ತಾಗುತ್ತದೆ, ಕಂಬ ಸ್ವಲ್ಪ ಭಾರ ಹೊರುತ್ತದೆ, ಅಲ್ಲಾಡುವಾಗ ನೀರಿಗೆ ಜಲ್ಲಿಯ ಸಂದಿನಲ್ಲಿ ದಾರಿ ಸಿಗುತ್ತದೆ. ಐಎಸ್ 15284ರ ಮೊದಲ ಭಾಗ ಇದಕ್ಕೆಂದೇ ಇದೆ. ಅಪಾರ್ಟ್‌ಮೆಂಟ್, ಗೋದಾಮು, ಶಾಲೆಯಂಥ ದೊಡ್ಡ ಜಾಗಕ್ಕೆ ಇದು ಚೆನ್ನ. ಒಂದು ಎಚ್ಚರಿಕೆ ಇದೆ. ನಡುಗಿಸಿ ಗಟ್ಟಿ ಮಾಡುವುದು ಶುದ್ಧ ಮರಳಿನಲ್ಲಿ ಸೊಗಸಾಗಿ ಆಗುತ್ತದೆ. ನುಣ್ಣನೆಯ ಕಣ ಶೇಕಡಾ 15–20 ದಾಟಿದರೆ ಸುತ್ತಲಿನ ಮಣ್ಣು ಅಷ್ಟಾಗಿ ಒತ್ತಾಗುವುದಿಲ್ಲ. ನಮ್ಮ ಕೆರೆಗಳಲ್ಲಿ ಹೂಳೇ ಜಾಸ್ತಿ. ಅದಕ್ಕೇ ಜರಡಿ ಪರೀಕ್ಷೆ ನೋಡದೆ ಜಲ್ಲಿ ಕಂಬಕ್ಕೆ ಸಹಿ ಹಾಕಬೇಡಿ.

*ಸಿಮೆಂಟ್ ಬೆರೆಸುವುದು.* ಯಂತ್ರದ ಅಲಗುಗಳಿಂದ ಆಳದಲ್ಲೇ ಮಣ್ಣಿಗೆ ಸಿಮೆಂಟ್ ಹಾಲು ಕಲಸಿ ಗಟ್ಟಿ ಕಂಬ ಅಥವಾ ಗೋಡೆ ಮಾಡುತ್ತಾರೆ. ಗೋಡೆಗಳನ್ನು ಚೌಕಟ್ಟಿನಂತೆ ಜೋಡಿಸಿದರೆ ನಡುವಿನ ಮರಳು ಜರುಗಲು ಜಾಗವಿರುವುದಿಲ್ಲ. 1995ರ ಕೋಬೆ ಭೂಕಂಪದಲ್ಲಿ ಬಂದರಿನ ಅಂಚಿನ ಓರಿಯೆಂಟಲ್ ಹೋಟೆಲ್ ಹೀಗೆ ಉಳಿಯಿತು. ಸುತ್ತಲಿನ ಹಡಗುಕಟ್ಟೆಯ ಗೋಡೆಗಳು ಸಮುದ್ರದ ಕಡೆ ಸರಿದಿದ್ದವು. ಹೂಳಿಗೂ ಇದು ಹೊಂದುತ್ತದೆ. ಆದರೆ ಕೊಳೆತ ಎಲೆ, ಬೇರು ತುಂಬಿದ ಕಪ್ಪು ಕೆಸರಿನಲ್ಲಿ ಸಿಮೆಂಟ್ ಸರಿಯಾಗಿ ಕೂರುವುದಿಲ್ಲ. ಮೊದಲು ಲ್ಯಾಬಿನಲ್ಲಿ ಅದೇ ಮಣ್ಣಿಗೆ ಸಿಮೆಂಟ್ ಬೆರೆಸಿ, 28 ದಿನ ಇಟ್ಟು ಒಡೆದು ನೋಡಬೇಕು.

*ಪೈಲ್.* ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬ. ಬಂಡೆ ತುಂಬ ಆಳವಿಲ್ಲದ ನಮ್ಮ ಊರಿಗೆ ಇದು ಸಹಜ ಆಯ್ಕೆ. ಸಡಿಲ ಪದರ ದಾಟಿ ಗಟ್ಟಿ ಕಲ್ಲಿನೊಳಗೆ ಪೈಲ್ ಕೂರಬೇಕು. ಆದರೆ ಪೈಲ್ ಹಾಕಿದ ಮೇಲೆ ಇನ್ನೇನು ಭಯ ಅನ್ನಬೇಡಿ. ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಕಚೇರಿ ಗೋಪುರ ಪೈಲುಗಳ ಮೇಲೇ ನಿಂತಿತ್ತು, ಆದರೂ ವಾಲಿತು. ಸಡಿಲವಾದ ಮಣ್ಣು ಪೈಲನ್ನು ಪಕ್ಕಕ್ಕೆ ತಳ್ಳುತ್ತದೆ, ಆಮೇಲೆ ಕುಸಿಯುವಾಗ ಕೆಳಕ್ಕೂ ಎಳೆಯುತ್ತದೆ. ಆ ಪದರದಿಂದ ಸಿಗುವ ಹಿಡಿತವನ್ನು ಲೆಕ್ಕದಲ್ಲಿ ಸೇರಿಸಬಾರದು. ಕಂಬಿಯ ಪಂಜರ ಮೇಲಿನಿಂದ ತುದಿಯವರೆಗೂ ಇರಬೇಕು.

ಭಾರೀ ತೂಕವನ್ನು ಕ್ರೇನಿನಿಂದ ಎತ್ತಿ ಕುಕ್ಕುವ ವಿಧಾನವೂ ಇದೆ. ಅಕ್ಕಪಕ್ಕ ಮನೆಗಳಿರುವ ಬಡಾವಣೆಯಲ್ಲಿ ಅದು ಬೇಡವೇ ಬೇಡ.

ಈಗಾಗಲೇ ಮನೆ ಕಟ್ಟಿ ಆಗಿದ್ದರೆ ದಾರಿ ಕಿರಿದು. ಗಟ್ಟಿ ಗಾರೆಯನ್ನು ಒತ್ತಡದಿಂದ ಪಾಯದ ಕೆಳಗೆ ತುಂಬಿ ಮಣ್ಣನ್ನು ಒತ್ತುವ ಗ್ರೌಟಿಂಗ್ ಮಾಡಿಸಬಹುದು. ಖರ್ಚು ದೊಡ್ಡದು, ಅನುಭವಿಗಳೇ ಬೇಕು. ಅದಕ್ಕೂ ಮುಂಚೆ ಸೋರುವ ಸಂಪು, ಒಡೆದ ಒಳಚರಂಡಿ ಪೈಪು ಸರಿ ಮಾಡಿಸಿ.

ಹೆಜ್ಜೆ 5: ತೆಗೆದು ತುಂಬುವ ಕೆಲಸ, ಸೈಟಿನಲ್ಲಿ

ಹೆಚ್ಚಿನವರು ಮಾಡುವುದು ಇದೇ. ಕೆಡುವುದೂ ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲಸವನ್ನು ಫೆಬ್ರವರಿ–ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ನೀರು ಕೆಳಗಿರುತ್ತದೆ. ಪಕ್ಕದ ಮನೆಯ ಪಾಯಕ್ಕಿಂತ ಆಳಕ್ಕೆ ಹೋಗುವುದಾದರೆ ಒಮ್ಮೆಲೇ ಉದ್ದಕ್ಕೂ ಅಗೆಯಬೇಡಿ. ತುಂಡುತುಂಡಾಗಿ ಅಗೆದು, ಬದಿಗೆ ಆಧಾರ ಕೊಟ್ಟು, ಒಂದು ತುಂಡು ತುಂಬಿದ ಮೇಲೆ ಮುಂದಿನದಕ್ಕೆ ಹೋಗಿ. ಗುಂಡಿಯಲ್ಲಿ ನೀರು ಬಂದರೆ ಪಂಪು ಹಾಕಿ ತೆಗೆಯುತ್ತೀರಿ, ಸರಿ. ಆದರೆ ಬರುವ ನೀರು ಕದಡಿದ್ದರೆ ಪಕ್ಕದವರ ಪಾಯದ ಕೆಳಗಿನ ಮಣ್ಣೂ ಜೊತೆಗೆ ಬರುತ್ತಿದೆ ಅಂತ ಅರ್ಥ. ತಕ್ಷಣ ನಿಲ್ಲಿಸಿ ಎಂಜಿನಿಯರನ್ನು ಕರೆಯಿರಿ. ಬದಿಗೆ ಆಧಾರ ಇಲ್ಲದ ಆಳದ ಗುಂಡಿಗೆ ಕೂಲಿಯವರನ್ನು ಇಳಿಸಲೇಬೇಡಿ.

ತಳದಲ್ಲಿ ಕಪ್ಪು ಮಣ್ಣಿನ ಒಂದು ಬುಟ್ಟಿಯೂ ಉಳಿಯಬಾರದು. ತಳ ಹದವಾದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಹೊಸ ಮಣ್ಣು ಹಳೇ ಮಣ್ಣಿನೊಳಗೆ ಇಳಿಯುವುದನ್ನು ಅದು ತಡೆಯುತ್ತದೆ. ಆಮೇಲೆ ಪದರ. ಸಡಿಲವಾಗಿ ಹರಡಿದಾಗ 20 ಸೆಂ.ಮೀ. ಮೀರಬಾರದು. ಜೆಸಿಬಿಯವರು ನಾಲ್ಕು ಅಡಿ ಒಟ್ಟಿಗೆ ಸುರಿದು ಬಕೆಟ್ಟಿನಿಂದ ಎರಡು ಸಲ ತಟ್ಟಿ "ಆಯ್ತು ಸಾರ್" ಅನ್ನುತ್ತಾರೆ. ಅದು ಆಗಿರುವುದಿಲ್ಲ. ಮೇಲಿನ ಒಂದಡಿ ಮಾತ್ರ ಗಟ್ಟಿ, ಕೆಳಗೆಲ್ಲ ಸಡಿಲ. ನೀರು ಬಿಟ್ಟು ಕೂರಿಸುವುದೂ ದಮ್ಮಸ್ಸಿಗೆ ಸಮ ಅಲ್ಲ.

ಹದ ನೋಡುವುದು ಸುಲಭ. ಒಂದು ಹಿಡಿ ಮಣ್ಣು ಒತ್ತಿ ಉಂಡೆ ಮಾಡಿ. ಉಂಡೆ ನಿಂತು, ಕೈಗೆ ನೀರು ಸೋರದಿದ್ದರೆ ಹದ ಬಂದಿದೆ. ಪ್ಲೇಟ್ ಕಾಂಪ್ಯಾಕ್ಟರ್ ಅಥವಾ ಚಿಕ್ಕ ರೋಲರ್ ಓಡಿಸಿ. ಎರಡು ಮೂರು ಪದರಕ್ಕೊಮ್ಮೆ ಸಾಂದ್ರತೆ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇಕಡಾ 95 ಬರಲೇಬೇಕು. ಬರದಿದ್ದರೆ ಆ ಪದರ ಕೆದಕಿ ಮತ್ತೆ ಮಾಡಿ.

ಹೆಜ್ಜೆ 6: ಮೇಲಿನ ಕಟ್ಟಡವನ್ನೂ ಹೊಂದಿಸಿ

ಪ್ರತಿ ಕಾಲಂಗೂ ಬೇರೆ ಪಾಯ ಕೊಡುವ ಬಿಡಿ ಫೂಟಿಂಗ್‌ಗಿಂತ ರಾಫ್ಟ್, ಅಂದರೆ ಮನೆಯಡಿ ಪೂರ್ತಿ ಹಾಸಿದ ಒಂದೇ ಕಾಂಕ್ರೀಟ್ ಪಾಯ, ಒಳ್ಳೆಯದು. ನೆಲ ಸ್ವಲ್ಪ ಕುಗ್ಗಿದರೂ ಮನೆ ಒಂದೇ ಹಲಗೆಯ ಮೇಲೆ ಕೂತಂತೆ ಒಟ್ಟಿಗೆ ಇಳಿಯುತ್ತದೆ. ಫೂಟಿಂಗೇ ಸಾಕು ಅನ್ನುವಂತಿದ್ದರೆ ಎಲ್ಲವನ್ನೂ ಬೀಮುಗಳಿಂದ ಎರಡೂ ದಿಕ್ಕಿಗೆ ಕಟ್ಟಿ.

ಸಂಪು ಮರೆಯಬೇಡಿ. ನೆಲ ಅಂಬಲಿಯಂತಾದಾಗ ಖಾಲಿ ತೊಟ್ಟಿ ದೋಣಿಯ ಹಾಗೆ ಮೇಲೇಳುತ್ತದೆ. 2011ರಲ್ಲಿ ಜಪಾನಿನ ಉರಯಾಸುವಿನಲ್ಲಿ ಮ್ಯಾನ್‌ಹೋಲುಗಳು ರಸ್ತೆಯಿಂದ ಮೇಲೆದ್ದು ನಿಂತಿದ್ದವು. ಸಂಪಿನ ತಳದ ಸ್ಲ್ಯಾಬನ್ನು ಗೋಡೆಯಿಂದ ಆಚೆಗೂ ಚಾಚಿದರೆ ಮೇಲಿನ ಮಣ್ಣಿನ ಭಾರ ಅದನ್ನು ಹಿಡಿದಿಡುತ್ತದೆ. ನೀರು, ಒಳಚರಂಡಿ ಪೈಪು ಮನೆಯೊಳಗೆ ಬರುವ ಜಾಗದಲ್ಲಿ ಬಾಗುವ ಜೋಡಣೆ ಇರಲಿ. ಮಳೆನೀರು ಇಂಗುಗುಂಡಿ ಬೇಕೇ ಬೇಕು, ಆದರೆ ಪಾಯದ ಪಕ್ಕಕ್ಕಲ್ಲ. ಸೈಟಿನಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ತೋಡಿಸಿ.

ಹೆಜ್ಜೆ 7: ಆದ ಮೇಲೆ ಮತ್ತೆ ಅಳೆಯಿರಿ

ಜಲ್ಲಿ ಕಂಬ ಹಾಕಿದ್ದರೆ ಕಂಬಗಳ ಮಧ್ಯದ ಮಣ್ಣಿನಲ್ಲಿ ಮತ್ತೆ ಎಸ್‌ಪಿಟಿ ಮಾಡಿಸಿ. ಕಂಬದ ಮೇಲೆಯೇ ಮಾಡಿದರೆ ಗೊತ್ತಾಗುವುದು ಜಲ್ಲಿಯ ಬಲ ಮಾತ್ರ. ಕೆಲಸ ಮುಗಿದ ಮರುದಿನವೇ ಬೇಡ, ಮಣ್ಣಿನ ನೀರಿನ ಒತ್ತಡ ಇಳಿಯಲು ಒಂದೆರಡು ವಾರ ಬಿಡಿ. ಹಳೇ ಎನ್, ಹೊಸ ಎನ್ ಪಕ್ಕಪಕ್ಕ ಬರೆದು ಲೆಕ್ಕ ಮತ್ತೊಮ್ಮೆ ಹಾಕಿಸಿ. ಸಿಮೆಂಟ್ ಕಂಬವಾದರೆ ಕೋರ್ ತೆಗೆದು ಒಡೆದು ನೋಡಬೇಕು. ಈ ಪರೀಕ್ಷೆಗಳನ್ನು ಕಂಟ್ರಾಕ್ಟ್ ಪತ್ರದಲ್ಲೇ ಬರೆಸಿ, ಕೊನೆಯ ಬಿಲ್ಲನ್ನು ಅದರ ಫಲಿತಾಂಶಕ್ಕೆ ಕಟ್ಟಿಹಾಕಿ. ಆಮೇಲೆ ಕೇಳಿದರೆ ಯಾರೂ ಮಾಡಿಕೊಡುವುದಿಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ

ಮಾದರಿ ಮನೆಯ ಅಡುಗೆಕೋಣೆ ನೋಡುವ ಮುಂಚೆ ಸಾಯಿಲ್ ರಿಪೋರ್ಟ್ ಕೇಳಿ. ಬೋರ್‌ಹೋಲ್‌ಗಳು ನಿಮ್ಮ ಬ್ಲಾಕಿನ ಕೆಳಗೇ ಇದ್ದವಾ, ನೀರಿನ ಮಟ್ಟ ಯಾವ ತಿಂಗಳಲ್ಲಿ ಅಳೆದದ್ದು, ಪೈಲ್ ಕಲ್ಲಿನೊಳಗೆ ಎಷ್ಟು ಇಳಿದಿದೆ, ನೆಲ ಬಲಪಡಿಸಿದ ಮೇಲಿನ ಪರೀಕ್ಷೆಯ ಹಾಳೆ ಎಲ್ಲಿದೆ ಅಂತ ಕೇಳಿ. ಮಾರಾಟದ ಮೇಜಿನಲ್ಲಿ ಕೂತ ಹುಡುಗನಿಗೆ ಗೊತ್ತಿರುವುದಿಲ್ಲ, ಅದು ಅವನ ತಪ್ಪಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಹತ್ತು ನಿಮಿಷ ಮಾತಾಡಿಸಿ ಅಂತ ಕೇಳಿ. ವರದಿಯ ಒಂದು ಪ್ರತಿ ನಿಮಗೆ ಸಿಕ್ಕರೆ, ಅಡ್ವಾನ್ಸ್ ಕೊಡುವ ಮುಂಚೆ ಹೊರಗಿನ ಒಬ್ಬ ಮಣ್ಣು ತಜ್ಞರಿಗೆ ತೋರಿಸಿ.